ಬೆರಳಿನ ಸ್ನಾಯುರಜ್ಜು ಗಾಯಗಳ ಅಲ್ಟ್ರಾಸೌಂಡ್ ಪರೀಕ್ಷೆ

ಬೆರಳಿನ ಸ್ನಾಯುರಜ್ಜು ಗಾಯಗಳ ಅಲ್ಟ್ರಾಸೌಂಡ್ ಪರೀಕ್ಷೆ ಎಂಬುದು ಕೈಬೆರಳಿಗೆ ಪೆಟ್ಟು ಬಿದ್ದು ಅಥವಾ ಕೊಯ್ದುಕೊಂಡು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದ ರೋಗಿಯಲ್ಲಿ, ಬೆರಳನ್ನು ಬಾಗಿಸುವ ಅಥವಾ ಚಾಚುವ ಸ್ನಾಯುರಜ್ಜುಗಳಿಗೆ ಹಾನಿಯಾಗಿದೆಯೇ ಎಂಬುದನ್ನು ಶ್ರವಣಾತೀತ ಧ್ವನಿತರಂಗಗಳ ನೆರವಿನಿಂದ ಹಾಸಿಗೆಯ ಬಳಿಯಲ್ಲಿಯೇ ನೋಡುವ ವಿಧಾನವಾಗಿದೆ. ಸ್ನಾಯುರಜ್ಜು ಪೂರ್ತಿಯಾಗಿ ತುಂಡಾಗಿದೆಯೇ, ಭಾಗಶಃ ಹರಿದಿದೆಯೇ, ತುಂಡಾಗಿದ್ದರೆ ಅದರ ತುದಿ ಎಲ್ಲಿಯವರೆಗೆ ಹಿಂದೆ ಸರಿದಿದೆ, ಗಾಯದೊಳಗೆ ಗಾಜು ಅಥವಾ ಮರದ ಚೂರು ಉಳಿದಿದೆಯೇ ಎಂಬ ಪ್ರಶ್ನೆಗಳಿಗೆ ಈ ಪರೀಕ್ಷೆಯಿಂದ ಕೆಲವೇ ನಿಮಿಷಗಳಲ್ಲಿ ಉತ್ತರ ದೊರೆಯಬಲ್ಲದು. ಇದು ವೈದ್ಯರ ಕೈಪರೀಕ್ಷೆಗೆ ಅಥವಾ ಗಾಯವನ್ನು ತೆರೆದು ನೋಡುವ ಕ್ರಮಕ್ಕೆ ಬದಲಿಯಲ್ಲ. ಅವೆರಡರ ನಡುವೆ ಉಳಿಯುವ ಸಂದೇಹವನ್ನು ಕಡಿಮೆ ಮಾಡುವ ಸಾಧನ.

ಸ್ನಾಯುರಜ್ಜುವನ್ನು ಕನ್ನಡದಲ್ಲಿ ಕಂಡರ ಎಂದೂ, ಆಡುಮಾತಿನಲ್ಲಿ ಟೆಂಡನ್ ಎಂದೂ ಕರೆಯುತ್ತಾರೆ. ಜನಸಾಮಾನ್ಯರು ಇದನ್ನು ಹಲವು ವೇಳೆ ‘ನರ’ ಎಂದೇ ಹೇಳುವುದುಂಟು. ‘ಬೆರಳಿನ ನರ ಕಟ್ಟಾಗಿದೆ’ ಎಂಬ ಮಾತಿನಲ್ಲಿ ಸ್ಪರ್ಶಜ್ಞಾನವನ್ನು ಒಯ್ಯುವ ನರ, ರಕ್ತನಾಳ ಮತ್ತು ಸ್ನಾಯುರಜ್ಜು ಮೂರೂ ಬೆರೆತಿರುತ್ತವೆ. ವೈದ್ಯಶಾಸ್ತ್ರದಲ್ಲಿ ಇವು ಬೇರೆಬೇರೆ. ಅಲ್ಟ್ರಾಸೌಂಡ್ ಚಿತ್ರದಲ್ಲಿಯೂ ಇವು ಬೇರೆಬೇರೆಯಾಗಿಯೇ ಕಾಣುತ್ತವೆ.

ಬೆರಳಿನ ರಚನೆ

ಬೆರಳುಗಳ ಒಳಗೆ ಸ್ನಾಯುಗಳಿಲ್ಲ. ಬೆರಳನ್ನು ಮಡಚುವ ಮುಖ್ಯ ಸ್ನಾಯುಗಳೆಲ್ಲ ಮುಂದೋಳಿನಲ್ಲಿವೆ. ಅವುಗಳ ಸೆಳೆತವನ್ನು ಬೆರಳೆಲುಬುಗಳಿಗೆ ತಲುಪಿಸುವುದು ಹಗ್ಗದಂತಿರುವ ಸ್ನಾಯುರಜ್ಜುಗಳು. ತೋರುಬೆರಳಿನಿಂದ ಕಿರುಬೆರಳಿನವರೆಗಿನ ನಾಲ್ಕು ಬೆರಳುಗಳಲ್ಲಿ ಅಂಗೈ ಬದಿಗೆ ತಲಾ ಎರಡು ಬಾಗಿಸುವ ಸ್ನಾಯುರಜ್ಜುಗಳಿರುತ್ತವೆ. ಆಳದ ಸ್ನಾಯುರಜ್ಜು ಬೆರಳಿನ ಕೊನೆಯ ಎಲುಬಿನ ಬುಡಕ್ಕೆ ಅಂಟಿಕೊಂಡು ತುದಿಗೆಣ್ಣನ್ನು ಬಾಗಿಸುತ್ತದೆ. ಮೇಲ್ಪದರದ ಸ್ನಾಯುರಜ್ಜು ಬೆರಳಿನ ಬುಡದ ಬಳಿ ಇಬ್ಭಾಗವಾಗಿ, ಆಳದ ಸ್ನಾಯುರಜ್ಜುವಿಗೆ ದಾರಿ ಬಿಟ್ಟುಕೊಟ್ಟು, ನಡುವಿನ ಎಲುಬಿಗೆ ಸೇರಿ ನಡುಗೆಣ್ಣನ್ನು ಬಾಗಿಸುತ್ತದೆ. ಹೆಬ್ಬೆರಳಿನಲ್ಲಿ ಉದ್ದವಾದ ಬಾಗಿಸುವ ಸ್ನಾಯುರಜ್ಜು ಒಂದೇ.

ಈ ರಜ್ಜುಗಳು ದ್ರವ ತುಂಬಿದ ತೆಳು ಕವಚದೊಳಗೆ ಜಾರುತ್ತವೆ. ಬೆರಳು ಮಡಚಿದಾಗ ರಜ್ಜು ಎಲುಬಿನಿಂದ ದೂರಕ್ಕೆ ಬಿಲ್ಲಿನ ಹೆದೆಯಂತೆ ಎದ್ದುನಿಲ್ಲದಿರಲು ಅಲ್ಲಲ್ಲಿ ಗಟ್ಟಿಯಾದ ಪಟ್ಟಿಗಳಿವೆ. ಇವನ್ನು ರಾಟೆಗಳೆಂದು ಕರೆಯಲಾಗುತ್ತದೆ. ಉಂಗುರಾಕಾರದ ರಾಟೆಗಳು ಐದು, ಅಡ್ಡ ಹೆಣೆದಂತಿರುವವು ಮೂರು. ಐದರಲ್ಲಿ ಎರಡನೆಯದು ಮತ್ತು ನಾಲ್ಕನೆಯದು ಬೆರಳಿನ ಕೆಲಸಕ್ಕೆ ಅತ್ಯಂತ ಮುಖ್ಯವಾದವು.

ಬೆರಳಿನ ಹಿಂಬದಿಯ ವ್ಯವಸ್ಥೆ ಹಗ್ಗಕ್ಕಿಂತ ಬಲೆಯನ್ನು ಹೋಲುತ್ತದೆ. ಚಾಚುವ ಸ್ನಾಯುರಜ್ಜು ಬೆರಳಿನ ಮೇಲೆ ಚಪ್ಪಟೆಯಾಗಿ ಹರಡಿ, ನಡುವಿನ ಪಟ್ಟಿಯಾಗಿ ನಡುವಿನ ಎಲುಬಿಗೂ, ಎರಡು ಪಕ್ಕದ ಪಟ್ಟಿಗಳಾಗಿ ತುದಿಯ ಎಲುಬಿಗೂ ಸೇರುತ್ತದೆ. ಕೊನೆಯ ಭಾಗದಲ್ಲಿ ಇದರ ದಪ್ಪ ಸುಮಾರು 1 ಮಿಲಿಮೀಟರ್ ಮಾತ್ರ. ಕೈಯ ಹಿಂಬದಿಯಲ್ಲಿ ಪಕ್ಕಪಕ್ಕದ ಚಾಚುವ ರಜ್ಜುಗಳನ್ನು ಬೆಸೆಯುವ ಅಡ್ಡಪಟ್ಟಿಗಳೂ ಇವೆ. ಗಾಯ ಪತ್ತೆಯಾಗದೆ ಹೋಗುವುದರಲ್ಲಿ ಇವುಗಳ ಪಾತ್ರ ದೊಡ್ಡದು.

ಶಸ್ತ್ರಚಿಕಿತ್ಸಕರು ಅಂಗೈ ಬದಿಯನ್ನು ಐದು ವಲಯಗಳಾಗಿ ವಿಂಗಡಿಸುತ್ತಾರೆ. ಇದರ ಹಿಂದೆ ಸ್ವಿಸ್ ಶಸ್ತ್ರಚಿಕಿತ್ಸಕ ಕ್ಲಾಡ್ ವರ್ಡಾನ್ ಅವರ ಕೆಲಸವಿದೆ. ಇಕ್ಕಟ್ಟಾದ ಕವಚದೊಳಗೆ ಎರಡು ರಜ್ಜುಗಳು ಒಟ್ಟಿಗೆ ಸಾಗುವ ಎರಡನೆಯ ವಲಯದಲ್ಲಿ ಹೊಲಿಗೆ ಹಾಕಿದರೆ ರಜ್ಜುಗಳು ಕವಚಕ್ಕೆ ಅಂಟಿಕೊಂಡು ಬೆರಳು ಬಿಗಿಯಾಗುತ್ತಿದ್ದುದರಿಂದ, ಅಮೆರಿಕದ ಸ್ಟರ್ಲಿಂಗ್ ಬನೆಲ್ ಈ ಪ್ರದೇಶಕ್ಕೆ ‘ಯಾರಿಗೂ ಸೇರದ ನೆಲ’ ಎಂಬರ್ಥದ ಯುದ್ಧಭೂಮಿಯ ಹೆಸರನ್ನು ಕೊಟ್ಟಿದ್ದರು. 1960ರ ದಶಕದ ನಂತರ ಹೊಲಿಗೆಯ ತಂತ್ರ ಸುಧಾರಿಸಿ ಅಲ್ಲಿಯೂ ಕೂಡಲೇ ಹೊಲಿಯುವುದು ರೂಢಿಗೆ ಬಂದಿತು. ಆದರೆ ಕೂಡಲೇ ಹೊಲಿಯಬೇಕಾದರೆ ಕೂಡಲೇ ಪತ್ತೆಯಾಗಬೇಕು.

ಗಾಯ ಪತ್ತೆಯಾಗದೆ ಉಳಿಯಲು ಕಾರಣಗಳು

ಚರ್ಮದ ಮೇಲಿನ ಗಾಯದ ಗಾತ್ರಕ್ಕೂ ಒಳಗಿನ ಹಾನಿಗೂ ಸಂಬಂಧವಿಲ್ಲದಿರಬಹುದು. ಒಡೆದ ಗಾಜಿನ ಲೋಟ ತೊಳೆಯುವಾಗ ಆದ ಒಂದು ಸೆಂಟಿಮೀಟರ್ ಗಾಯದ ಕೆಳಗೆ ಎರಡೂ ರಜ್ಜುಗಳು ತುಂಡಾಗಿರಬಹುದು. ಕುಡುಗೋಲು, ಮಚ್ಚು, ಈಳಿಗೆಮಣೆ, ತಗಡಿನ ಅಂಚು, ಗಾಳಿಪಟದ ಮಾಂಜಾ ದಾರ ಮುಂತಾದವು ಇಂತಹ ಗಾಯಗಳನ್ನು ಉಂಟುಮಾಡುತ್ತವೆ. ಚರ್ಮಕ್ಕೆ ಎರಡು ಹೊಲಿಗೆ ಹಾಕಿ ಕಳುಹಿಸಿದ ರೋಗಿ ಮೂರು ವಾರಗಳ ನಂತರ ಬೆರಳು ಮಡಚಲಾಗುತ್ತಿಲ್ಲವೆಂದು ಮರಳಿ ಬರುವುದು ಕೈ ಶಸ್ತ್ರಚಿಕಿತ್ಸಕರಿಗೆ ಹೊಸದಲ್ಲ.

ಸಾಮಾನ್ಯ ಪರೀಕ್ಷಾಕ್ರಮ ಸರಳವಾದದ್ದು. ನಡುಗೆಣ್ಣನ್ನು ನೇರವಾಗಿ ಹಿಡಿದು ತುದಿಯನ್ನು ಮಾತ್ರ ಮಡಚಲು ಹೇಳಿದರೆ ಆಳದ ರಜ್ಜುವಿನ ಪರೀಕ್ಷೆಯಾಗುತ್ತದೆ. ಉಳಿದ ಬೆರಳುಗಳನ್ನು ನೇರವಾಗಿ ಹಿಡಿದು ಒಂದು ಬೆರಳಿನ ನಡುಗೆಣ್ಣನ್ನು ಮಡಚಲು ಹೇಳಿದರೆ ಮೇಲ್ಪದರದ ರಜ್ಜುವಿನದು. ಕೈಯನ್ನು ಸಡಿಲವಾಗಿ ಇಟ್ಟಾಗ ಬೆರಳುಗಳು ತೋರುಬೆರಳಿನಿಂದ ಕಿರುಬೆರಳಿನ ಕಡೆಗೆ ಹೆಚ್ಚುಹೆಚ್ಚು ಬಾಗಿರುವುದು ಸಹಜ. ಆ ಸಾಲಿನಲ್ಲಿ ಒಂದು ಬೆರಳು ಮಾತ್ರ ನೀಳವಾಗಿ ನಿಂತಿದ್ದರೆ ಅದರ ಬಾಗಿಸುವ ರಜ್ಜು ತುಂಡಾಗಿರುವ ಸಂಭವ ಹೆಚ್ಚು. ಮಣಿಕಟ್ಟನ್ನು ಹಿಂದಕ್ಕೆ ಬಗ್ಗಿಸಿದಾಗ ಬೆರಳುಗಳು ತಾವಾಗಿಯೇ ಮಡಚಿಕೊಳ್ಳುತ್ತವೆ. ಪ್ರಜ್ಞೆಯಿಲ್ಲದ ರೋಗಿಯಲ್ಲಿಯೂ ಇದನ್ನು ನೋಡಬಹುದು.

ಈ ಕ್ರಮ ಸೋಲುವ ಸಂದರ್ಭಗಳು ಹಲವಾರು. ನೋವಿನಿಂದ ಬೆರಳನ್ನೇ ಅಲುಗಾಡಿಸದ ರೋಗಿ, ಹೇಳಿದ್ದನ್ನು ಮಾಡದೆ ಅಳುವ ಎರಡು ವರ್ಷದ ಮಗು, ಮದ್ಯಪಾನ ಮಾಡಿ ಬಂದವರು, ತಲೆಗೂ ಪೆಟ್ಟು ಬಿದ್ದವರು ಇವರಲ್ಲಿ ಪರೀಕ್ಷೆ ಅಪೂರ್ಣವಾಗಿಯೇ ಉಳಿಯುತ್ತದೆ. ಕೆಲವರ ಕಿರುಬೆರಳಿನಲ್ಲಿ ಮೇಲ್ಪದರದ ರಜ್ಜು ಹುಟ್ಟಿನಿಂದಲೇ ಸ್ವತಂತ್ರವಾಗಿ ಕೆಲಸ ಮಾಡುವುದಿಲ್ಲ. ಹಿಂಗೈಯಲ್ಲಿ ಒಂದು ಚಾಚುವ ರಜ್ಜು ತುಂಡಾದರೂ ಅಡ್ಡಪಟ್ಟಿಯ ಮೂಲಕ ನೆರೆಯ ರಜ್ಜು ಆ ಬೆರಳನ್ನು ಎತ್ತಿಬಿಡಬಲ್ಲದು.

ಇವೆಲ್ಲಕ್ಕಿಂತ ಮೋಸಗೊಳಿಸುವುದು ಭಾಗಶಃ ಹರಿತ. ರಜ್ಜುವಿನ ಅಡ್ಡಳತೆಯಲ್ಲಿ ಶೇಕಡಾ 90ರಷ್ಟು ಕತ್ತರಿಸಿದ್ದರೂ ಉಳಿದ ಎಳೆಗಳು ಬೆರಳನ್ನು ಪೂರ್ತಿ ಮಡಚಬಲ್ಲವು. ಎದುರೊತ್ತಡ ಕೊಟ್ಟಾಗ ಮಾತ್ರ ನೋವು ಅಥವಾ ಬಲಹೀನತೆ ಕಾಣಬಹುದು. ಇಂತಹ ರಜ್ಜು ಕೆಲವು ದಿನಗಳ ನಂತರ ಚೀಲ ಎತ್ತುವಾಗಲೋ, ನಲ್ಲಿ ತಿರುಗಿಸುವಾಗಲೋ ಪೂರ್ತಿ ಕಿತ್ತುಹೋಗಬಹುದು.

ಗಾಯವನ್ನು ತೆರೆದು ನೋಡಿದರೂ ಹರಿತ ಕಣ್ಣಿಗೆ ಬೀಳದೆ ಇರಬಹುದು. ಮುಷ್ಟಿ ಹಿಡಿದ ಕೈಗೆ ಗಾಯವಾದಾಗ ರಜ್ಜು ಒಂದು ಸ್ಥಾನದಲ್ಲಿರುತ್ತದೆ. ವೈದ್ಯರು ಬೆರಳನ್ನು ನೇರ ಮಾಡಿ ನೋಡುವಾಗ ಮತ್ತೊಂದು ಸ್ಥಾನದಲ್ಲಿರುತ್ತದೆ. ಕತ್ತಿಯ ಅಲಗನ್ನು ಹಿಡಿದುಕೊಂಡ ಕೈಯಲ್ಲಿ ಬಾಗಿಸುವ ರಜ್ಜುವಿನ ಗಾಯ ಚರ್ಮದ ಗಾಯಕ್ಕಿಂತ ಬೆರಳತುದಿಯ ಕಡೆಗೆ ಸರಿದಿರುತ್ತದೆ. ಎದುರಾಳಿಯ ಹಲ್ಲಿಗೆ ಗುದ್ದಿದ ಮುಷ್ಟಿಯಲ್ಲಿ ಚಾಚುವ ರಜ್ಜುವಿನ ಗಾಯ ಮಣಿಕಟ್ಟಿನ ಕಡೆಗೆ ಸರಿದು, ಗಾಯದ ಬಾಯಲ್ಲಿ ಹೊಳೆಯುವ, ಹಾನಿಯಿಲ್ಲದ ರಜ್ಜು ಮಾತ್ರ ಕಾಣುತ್ತದೆ. ಆದುದರಿಂದ ಗಾಯವಾದ ಕ್ಷಣದಲ್ಲಿ ಕೈ ಹೇಗಿತ್ತು ಎಂದು ಕೇಳುವುದು ಯಾವ ಯಂತ್ರಕ್ಕೂ ಕಡಿಮೆಯಿಲ್ಲದ ಪರೀಕ್ಷೆ.

ಧ್ವನಿತರಂಗ ಮತ್ತು ಉಪಕರಣ

ಮೃದು ಅಂಗಾಂಶದಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್. ಆವರ್ತನ ಹೆಚ್ಚಿದಂತೆ ತರಂಗದ ಉದ್ದ ಕಿರಿದಾಗಿ ಸೂಕ್ಷ್ಮ ವಿವರಗಳು ಕಾಣುತ್ತವೆ, ಆದರೆ ಧ್ವನಿ ಆಳಕ್ಕೆ ಇಳಿಯುವುದಿಲ್ಲ. 5 ಮೆಗಾಹರ್ಟ್ಸ್ ಆವರ್ತನದಲ್ಲಿ ತರಂಗದ ಉದ್ದ 0.3 ಮಿಲಿಮೀಟರ್ ಇದ್ದರೆ 15 ಮೆಗಾಹರ್ಟ್ಸ್‌ನಲ್ಲಿ ಅದು ಸುಮಾರು 0.1 ಮಿಲಿಮೀಟರ್. ಯಕೃತ್ತನ್ನೋ ಗರ್ಭಸ್ಥ ಶಿಶುವನ್ನೋ ನೋಡುವವರಿಗೆ ಆಳದ ಕೊರತೆ ತೊಡಕು. ಬೆರಳಿನಲ್ಲಿ ರಜ್ಜುಗಳು ಚರ್ಮದಿಂದ ಕೆಲವೇ ಮಿಲಿಮೀಟರ್ ಕೆಳಗಿರುವುದರಿಂದ ಹೆಚ್ಚಿನ ಆವರ್ತನವನ್ನು ನಿಶ್ಚಿಂತೆಯಿಂದ ಬಳಸಬಹುದು. ಸಾಮಾನ್ಯವಾಗಿ 10 ಮೆಗಾಹರ್ಟ್ಸ್‌ಗಿಂತ ಹೆಚ್ಚಿನ ಆವರ್ತನದ, ನೇರ ಮುಖದ ಪ್ರೋಬ್ ಬಳಸಲಾಗುತ್ತದೆ. ತುರ್ತು ವಿಭಾಗಗಳಲ್ಲಿ ರಕ್ತನಾಳಕ್ಕೆ ಸೂಜಿ ಹಾಕಲು ಇಟ್ಟಿರುವ ಪ್ರೋಬ್ ಇದೇ ಬಗೆಯದು. ಹಾಕಿ ಕೋಲಿನ ಆಕಾರದ ಚಿಕ್ಕ ಪ್ರೋಬ್ ಸಿಕ್ಕಿದರೆ ಬೆರಳಿನ ವಕ್ರತೆಗೆ ಅದು ಇನ್ನೂ ಅನುಕೂಲ.

ಸಹಜ ರಜ್ಜು ಮತ್ತು ಕೋನದ ಭ್ರಮೆ

ಉದ್ದಕ್ಕೆ ನೋಡಿದಾಗ ಆರೋಗ್ಯಕರ ಸ್ನಾಯುರಜ್ಜು ಒಂದಕ್ಕೊಂದು ಸಮಾನಾಂತರವಾಗಿರುವ ಬಿಳಿಯ ಎಳೆಗಳ ಕಟ್ಟಿನಂತೆ, ಬಾಚಿದ ನಾರಿನಂತೆ ಕಾಣುತ್ತದೆ. ಅಡ್ಡಕ್ಕೆ ನೋಡಿದಾಗ ಅದು ಬಿಳಿ ಚುಕ್ಕೆಗಳು ತುಂಬಿದ ದುಂಡು ಅಥವಾ ಅಂಡಾಕಾರ. ಅದರ ಕೆಳಗೆ ಬೆರಳೆಲುಬಿನ ಮೇಲ್ಮೈ ಪ್ರಖರವಾದ ಬಿಳಿ ಗೆರೆಯಾಗಿ, ಅದರಾಚೆ ಕಪ್ಪು ನೆರಳಾಗಿ ಕಾಣುತ್ತದೆ. ಸ್ವಲ್ಪ ದೊಡ್ಡ ನರಗಳು ಅಡ್ಡನೋಟದಲ್ಲಿ ಜೇನುಗೂಡಿನಂತಿದ್ದು, ಬೆರಳು ಆಡಿಸಿದಾಗ ರಜ್ಜುವಿನಷ್ಟು ಜಾರುವುದಿಲ್ಲ. ಬೆರಳಿನ ಎರಡು ಪಕ್ಕಗಳಲ್ಲಿ ಸಾಗುವ ಅಪಧಮನಿಗಳನ್ನು ಡಾಪ್ಲರ್ ಬಣ್ಣದಿಂದ ಗುರುತಿಸಬಹುದು.

ಈ ಪರೀಕ್ಷೆಯನ್ನು ಹೊಸದಾಗಿ ಕಲಿಯುವವರು ಮೊದಲು ಎಡವುವುದು ಕೋನದ ವಿಷಯದಲ್ಲಿ. ಧ್ವನಿಯ ಕಿರಣ ರಜ್ಜುವಿನ ಎಳೆಗಳಿಗೆ ಲಂಬವಾಗಿ ಬಿದ್ದಾಗ ಮಾತ್ರ ಪ್ರತಿಧ್ವನಿ ಪ್ರೋಬಿಗೆ ಮರಳುತ್ತದೆ. ಕೆಲವೇ ಡಿಗ್ರಿ ವಾಲಿದರೂ ಧ್ವನಿ ಬೇರೆಡೆಗೆ ಪ್ರತಿಫಲಿಸಿ, ಬಿಳಿಯಾಗಿದ್ದ ರಜ್ಜು ಕಪ್ಪಾಗಿ ಕಾಣುತ್ತದೆ. ಹರಿದ ಜಾಗವೂ ಕಪ್ಪಾಗಿಯೇ ಕಾಣುವುದರಿಂದ ಇಲ್ಲದ ಹರಿತವನ್ನು ಇದೆಯೆಂದು ಭಾವಿಸುವ ಅಪಾಯವಿದೆ. ಈ ತಪ್ಪಿನ ಬಗ್ಗೆ ಬ್ರೂನೊ ಫೋರ್ನಾಜ್ 1987ರಲ್ಲಿಯೇ ಎಚ್ಚರಿಸಿದ್ದರು. ಪರಿಹಾರವೇನೋ ಸುಲಭ: ಪ್ರೋಬನ್ನು ಅದೇ ಜಾಗದಲ್ಲಿ ನಿಧಾನವಾಗಿ ಹಿಂದೆ ಮುಂದೆ ತೂಗಿಸಬೇಕು. ಕೋನ ಸರಿಯಾದೊಡನೆ ಬೆಳ್ಳಗಾದರೆ ಅದು ಭ್ರಮೆ. ಯಾವ ಕೋನದಲ್ಲಿಯೂ ಕಪ್ಪಾಗಿಯೇ ಉಳಿದರೆ ಮತ್ತು ಅಡ್ಡನೋಟದಲ್ಲಿಯೂ ಹಾಗೆಯೇ ಕಂಡರೆ ಅದು ಹಾನಿ. ಬಾಗಿಸುವ ರಜ್ಜು ಕೊನೆಯ ಎಲುಬಿಗೆ ಸೇರುವ ಕಡೆ ತಾನೇ ಆಳಕ್ಕೆ ಬಾಗುವುದರಿಂದ ಅಲ್ಲಿ ಈ ಭ್ರಮೆ ಹೆಚ್ಚು.

ಪರೀಕ್ಷೆಯ ವಿಧಾನ

ಮೊದಲು ಕೈಪರೀಕ್ಷೆ, ಸ್ಪರ್ಶಜ್ಞಾನ ಮತ್ತು ರಕ್ತಸಂಚಾರದ ತಪಾಸಣೆ ಮುಗಿದಿರಬೇಕು. ಸ್ಪರ್ಶಜ್ಞಾನದ ದಾಖಲೆ ಬೆರಳಿಗೆ ಅರಿವಳಿಕೆ ಚುಚ್ಚುವ ಮೊದಲೇ ಆಗಬೇಕು. ನಂತರ ನರಕ್ಕಾದ ಹಾನಿಯನ್ನು ತಿಳಿಯುವುದು ಕಷ್ಟ. ಎಲುಬು ಮುರಿತ ಮತ್ತು ಗಾಜಿನ ಚೂರುಗಳಿಗಾಗಿ ಎಕ್ಸ್-ರೇ ತೆಗೆಯುವುದು ರೂಢಿ.

ತೆರೆದ ಗಾಯದ ಮೇಲೆ ಸಾಮಾನ್ಯ ಜೆಲ್ ಹಚ್ಚಿ ಪ್ರೋಬ್ ಒತ್ತುವುದು ನೋವಿನ ಕೆಲಸ, ಸೋಂಕಿನ ದೃಷ್ಟಿಯಿಂದಲೂ ಸರಿಯಲ್ಲ. ಚರ್ಮಕ್ಕೆ ತೀರಾ ಸಮೀಪವಿರುವ ವಸ್ತುಗಳು ಪ್ರೋಬಿನ ಮುಖಕ್ಕೆ ಅಂಟಿಕೊಂಡಿದ್ದಾಗ ಚಿತ್ರ ಮಸುಕಾಗುವುದೂ ಉಂಟು. ಇದಕ್ಕೆ ಕಂಡುಕೊಂಡ ಉಪಾಯವೇ ನೀರಿನ ತೊಟ್ಟಿಯ ವಿಧಾನ. ಒಂದು ಬೋಗುಣಿ ಅಥವಾ ಅಗಲ ಟ್ರೇಯಲ್ಲಿ ಉಗುರುಬೆಚ್ಚಗಿನ ನೀರು ತುಂಬಿ, ಗಾಯವಿದ್ದರೆ ಕ್ರಿಮಿಶುದ್ಧ ಲವಣದ್ರಾವಣ ತುಂಬಿ, ಕೈಯನ್ನು ಅದರಲ್ಲಿ ಮುಳುಗಿಸಲಾಗುತ್ತದೆ. ಶುದ್ಧ ಹೊದಿಕೆ ತೊಡಿಸಿದ ಪ್ರೋಬಿನ ತುದಿಯನ್ನು ನೀರಿನೊಳಗೆ ಇಳಿಸಿ, ಚರ್ಮದಿಂದ ಸುಮಾರು 1 ಸೆಂಟಿಮೀಟರ್ ದೂರದಲ್ಲಿ ಹಿಡಿಯಲಾಗುತ್ತದೆ. ನೀರು ಧ್ವನಿಯನ್ನು ಚೆನ್ನಾಗಿ ಸಾಗಿಸುವುದರಿಂದ ಜೆಲ್ ಬೇಕಿಲ್ಲ. ಪ್ರೋಬ್ ಬೆರಳನ್ನು ಮುಟ್ಟದಿರುವುದರಿಂದ ನೋವಿಲ್ಲ. ಬೆರಳು ಉಬ್ಬುತಗ್ಗಾಗಿದ್ದರೂ ಚಿತ್ರ ತುಂಡಾಗುವುದಿಲ್ಲ. ಅಳುವ ಮಗುವೂ ನೀರಿನಲ್ಲಿ ಕೈಯಾಡಿಸಲು ಒಪ್ಪಬಹುದು. ಮೈಕೇಲ್ ಬ್ಲೈವಾಸ್ ಮತ್ತು ಸಹಲೇಖಕರು ಈ ವಿಧಾನವನ್ನು ತುರ್ತು ಚಿಕಿತ್ಸೆಯ ಸಂದರ್ಭದಲ್ಲಿ 2004ರಲ್ಲಿ ವಿವರಿಸಿದರು. ಗಾಳಿಗುಳ್ಳೆಗಳು ಚಿತ್ರವನ್ನು ಕೆಡಿಸುವುದರಿಂದ ನೀರು ಸುರಿದ ಮೇಲೆ ಸ್ವಲ್ಪ ಹೊತ್ತು ಬಿಡುವುದು, ಬೆರಳಿಗೆ ಅಂಟಿದ ಗುಳ್ಳೆಗಳನ್ನು ಸವರಿ ತೆಗೆಯುವುದು ಒಳ್ಳೆಯದು. ಪ್ರೋಬಿನ ಯಾವ ಭಾಗದವರೆಗೆ ನೀರು ತಗಲಬಹುದೆಂಬ ತಯಾರಕರ ಸೂಚನೆಯನ್ನು ಮೀರಬಾರದು. ತೊಟ್ಟಿ ಸಾಧ್ಯವಿಲ್ಲದಿದ್ದರೆ ನೀರು ತುಂಬಿ ಗಂಟುಹಾಕಿದ ಕೈಗವಸನ್ನು ಬೆರಳಿನ ಮೇಲಿಟ್ಟು ಅದರ ಮೂಲಕವೂ ನೋಡುವುದುಂಟು.

ರಜ್ಜುವನ್ನು ಗಾಯದಿಂದ ದೂರದಲ್ಲಿ, ಸಹಜವಾಗಿರುವ ಕಡೆ ಗುರುತಿಸಿ, ಅಲ್ಲಿಂದ ಗಾಯದ ಕಡೆಗೆ ಬರುವುದು ಕ್ರಮ. ಉದ್ದನೋಟ ಮತ್ತು ಅಡ್ಡನೋಟ ಎರಡರಲ್ಲಿಯೂ ನೋಡಬೇಕು. ಇನ್ನೊಂದು ಕೈಯ ಅದೇ ಬೆರಳು ಯಾವಾಗಲೂ ಹೋಲಿಕೆಗೆ ಸಿಗುತ್ತದೆ. ಅದನ್ನು ನೋಡದೆ ತೀರ್ಮಾನಕ್ಕೆ ಬರುವುದು ಅನುಭವಿಗಳಿಗೂ ತಕ್ಕುದಲ್ಲ.

ಚಲನೆಯಲ್ಲಿ ನೋಡುವುದು ಈ ಪರೀಕ್ಷೆಯ ವಿಶೇಷ ಲಾಭ. ಎಂಆರ್‌ಐ ಎಷ್ಟೇ ವಿವರವಾದ ಚಿತ್ರ ಕೊಟ್ಟರೂ ಅದು ಸಾಮಾನ್ಯವಾಗಿ ನಿಶ್ಚಲ ಚಿತ್ರ. ಅಲ್ಟ್ರಾಸೌಂಡ್‌ನಲ್ಲಿ ವೈದ್ಯರು ಬೆರಳತುದಿಯನ್ನು ತಾವೇ ಮೆಲ್ಲಗೆ ಆಡಿಸಿದಾಗ ಅಖಂಡವಾದ ಆಳದ ರಜ್ಜು ಉದ್ದಕ್ಕೂ ಜಾರುವುದು ಕಾಣುತ್ತದೆ. ಪೂರ್ತಿ ತುಂಡಾಗಿದ್ದರೆ ಬೆರಳತುದಿಯ ಕಡೆಯ ತುಂಡು ಮಾತ್ರ ಅಲುಗಿ, ಅಂಗೈ ಕಡೆಯ ತುಂಡು ಸ್ತಬ್ಧವಾಗಿರುತ್ತದೆ. ರೋಗಿ ತಾನೇ ಮಡಚಲು ಯತ್ನಿಸಿದರೆ ಇದರ ವಿರುದ್ಧ: ಅಂಗೈ ಕಡೆಯ ತುಂಡು ಅಲುಗುತ್ತದೆ, ಬೆರಳು ಅಲುಗುವುದಿಲ್ಲ. ಭಾಗಶಃ ಹರಿತದ ಶಂಕೆಯಿದ್ದಾಗ ಬಲವಾಗಿ ಮಡಚಿಸುವುದು, ಎಳೆಯುವುದು ಮಾಡಬಾರದು. ಉಳಿದ ಎಳೆಗಳೂ ಕಿತ್ತುಹೋಗಬಹುದು.

ಗಾಯಗಳು ಕಾಣುವ ಬಗೆ

ಪೂರ್ತಿ ತುಂಡಾದ ರಜ್ಜುವಿನಲ್ಲಿ ಎಳೆಗಳ ಸಾಲು ಒಮ್ಮೆಲೇ ನಿಂತು, ಎರಡು ತುದಿಗಳ ನಡುವೆ ಕಪ್ಪು ಅಂತರ ಕಾಣುತ್ತದೆ. ಅಂತರದಲ್ಲಿ ರಕ್ತ ಅಥವಾ ದ್ರವ ತುಂಬಿರಬಹುದು. ತುದಿಗಳು ಊದಿಕೊಂಡು, ಅವುಗಳ ಅಂಚಿನಿಂದ ಸಣ್ಣ ನೆರಳು ಕೆಳಕ್ಕೆ ಇಳಿದಿರಬಹುದು. ಅಂಗೈ ಕಡೆಯ ತುದಿ ದೂರ ಸರಿದಿದ್ದರೆ ಗಾಯದ ಜಾಗದಲ್ಲಿ ಖಾಲಿ ಕವಚ ಮಾತ್ರ ಉಳಿದಿರುತ್ತದೆ. ಆಗ ಪ್ರೋಬನ್ನು ಅಂಗೈ ಮೇಲೆ, ಅಗತ್ಯವಾದರೆ ಮಣಿಕಟ್ಟಿನವರೆಗೂ ಒಯ್ದು ತುದಿಯನ್ನು ಹುಡುಕಲಾಗುತ್ತದೆ. ಆ ಜಾಗವನ್ನು ಚರ್ಮದ ಮೇಲೆ ಗುರುತು ಮಾಡಿಕೊಟ್ಟರೆ ಶಸ್ತ್ರಚಿಕಿತ್ಸಕರು ಅನಗತ್ಯವಾಗಿ ಉದ್ದ ಕೊಯ್ಯುವುದು ತಪ್ಪುತ್ತದೆ.

ಭಾಗಶಃ ಹರಿತದಲ್ಲಿ ಕೆಲವು ಎಳೆಗಳು ಮಾತ್ರ ಕಡಿದಿದ್ದು ಉಳಿದವು ಮುಂದುವರಿದಿರುತ್ತವೆ. ಎಷ್ಟು ಭಾಗ ಕಡಿದಿದೆ ಎಂಬ ಅಂದಾಜಿಗೆ ಅಡ್ಡನೋಟವೇ ಹೆಚ್ಚು ನೆರವಾಗುತ್ತದೆ. ಅಡ್ಡಳತೆಯ ಅರ್ಧಕ್ಕಿಂತ ಹೆಚ್ಚು ಕಡಿದಿದ್ದರೆ ಹೊಲಿಗೆಯ ಕಡೆಗೆ ಒಲವು, ಕಡಿಮೆಯಿದ್ದರೆ ರಕ್ಷಣಾಪಟ್ಟಿಯೊಂದಿಗೆ ಕಾಯುವುದು ಸಾಮಾನ್ಯ ರೂಢಿ. ಶಸ್ತ್ರಚಿಕಿತ್ಸಕರು ಈ ಮಿತಿಯನ್ನು ಒಬ್ಬೊಬ್ಬರು ಒಂದೊಂದು ಕಡೆ ಎಳೆಯುತ್ತಾರೆ.

ಚರ್ಮಕ್ಕೆ ಗಾಯವೇ ಇಲ್ಲದ ಹಾನಿಗಳಲ್ಲಿ ಅಲ್ಟ್ರಾಸೌಂಡ್‌ನ ಉಪಯುಕ್ತತೆ ಇನ್ನೂ ಹೆಚ್ಚು, ಏಕೆಂದರೆ ಅಲ್ಲಿ ತೆರೆದು ನೋಡಲು ಗಾಯವೇ ಇರುವುದಿಲ್ಲ. ಓಡುತ್ತಿರುವ ಎದುರಾಳಿಯ ಅಂಗಿಯನ್ನು ಹಿಡಿದಾಗ ಬೆರಳು ಸಿಕ್ಕಿ, ಆಳದ ಬಾಗಿಸುವ ರಜ್ಜು ಎಲುಬಿನಿಂದ ಕಿತ್ತುಬರುವುದಕ್ಕೆ ಜೆರ್ಸಿ ಬೆರಳು ಎಂಬ ಹೆಸರಿದೆ. ಇದು ಹೆಚ್ಚಾಗಿ ಉಂಗುರ ಬೆರಳಿಗೆ ಆಗುತ್ತದೆ. ರಗ್ಬಿಯಲ್ಲಿ ಪ್ರಸಿದ್ಧವಾದರೂ ಹಿಡಿತದ ಯಾವ ಆಟದಲ್ಲಿಯೂ ಇದು ಸಾಧ್ಯ. ಲೆಡ್ಡಿ ಮತ್ತು ಪ್ಯಾಕರ್ 1977ರಲ್ಲಿ ಮಾಡಿದ ವರ್ಗೀಕರಣದ ಪ್ರಕಾರ, ಮೊದಲ ಬಗೆಯಲ್ಲಿ ರಜ್ಜು ಅಂಗೈವರೆಗೂ ಸರಿದು ತನ್ನ ರಕ್ತಪೂರೈಕೆಯನ್ನು ಕಳೆದುಕೊಂಡಿರುತ್ತದೆ. ಎರಡನೆಯದರಲ್ಲಿ ನಡುಗೆಣ್ಣಿನ ಬಳಿ ನಿಂತಿರುತ್ತದೆ. ಮೂರನೆಯದರಲ್ಲಿ ದೊಡ್ಡ ಎಲುಬಿನ ಚೂರು ಜೊತೆಗಿದ್ದು ರಾಟೆಯಲ್ಲಿ ಸಿಕ್ಕಿಕೊಂಡಿರುತ್ತದೆ. ಮೊದಲ ಬಗೆಗೆ ಸುಮಾರು 7ರಿಂದ 10 ದಿನಗಳೊಳಗೆ ಶಸ್ತ್ರಚಿಕಿತ್ಸೆ ಬೇಕು. ಎಲುಬಿನ ಚೂರಿಲ್ಲದ ಈ ಬಗೆಯಲ್ಲಿ ಎಕ್ಸ್-ರೇ ಸಹಜವಾಗಿಯೇ ಇರುವುದರಿಂದ ‘ಉಳುಕು’ ಎಂದು ಪಟ್ಟಿ ಕಟ್ಟಿ ಕಳುಹಿಸುವ ಅಪಾಯ ನಿಜವಾದದ್ದು. ರಜ್ಜು ಎಲ್ಲಿ ನಿಂತಿದೆ ಎಂದು ಹೇಳಬಲ್ಲ ಅಲ್ಟ್ರಾಸೌಂಡ್ ಇಲ್ಲಿ ಶಸ್ತ್ರಚಿಕಿತ್ಸೆಯ ದಿನವನ್ನೇ ನಿರ್ಧರಿಸುತ್ತದೆ.

ಕ್ರಿಕೆಟ್ ಚೆಂಡು ಬೆರಳತುದಿಗೆ ಬಡಿದು ತುದಿಗೆಣ್ಣು ಜೋತುಬೀಳುವುದು ಸುತ್ತಿಗೆ ಬೆರಳು. ಇದನ್ನು ಗುರುತಿಸಲು ಕಣ್ಣೇ ಸಾಕು. ಎಕ್ಸ್-ರೇ ನಂತರ ತುದಿಗೆಣ್ಣನ್ನು 6ರಿಂದ 8 ವಾರ ನಿರಂತರವಾಗಿ ನೇರವಾಗಿ ಕಟ್ಟಿಡುವುದು ಸಾಮಾನ್ಯ ಚಿಕಿತ್ಸೆ. ನಡುಗೆಣ್ಣಿನ ಮೇಲಿನ ನಡುಪಟ್ಟಿ ಹರಿಯುವುದು ಇದಕ್ಕಿಂತ ಕಪಟಿ. ಮೊದಲ ದಿನಗಳಲ್ಲಿ ಪಕ್ಕದ ಪಟ್ಟಿಗಳು ಬೆರಳನ್ನು ನೇರ ಮಾಡುವುದರಿಂದ ಎಲ್ಲವೂ ಸರಿಯಾಗಿದೆಯೆನಿಸಿ, ಕೆಲವು ವಾರಗಳಲ್ಲಿ ನಡುಗೆಣ್ಣು ಬಾಗಿ ತುದಿಗೆಣ್ಣು ಹಿಂದಕ್ಕೆ ಸೆಟೆದ ವಿಕಾರ ರೂಪುಗೊಳ್ಳುತ್ತದೆ. ಇದಕ್ಕಾಗಿ ಎಲ್ಸನ್ ಪರೀಕ್ಷೆಯಿದೆ: ಮೇಜಿನ ಅಂಚಿನಲ್ಲಿ ನಡುಗೆಣ್ಣನ್ನು 90 ಡಿಗ್ರಿ ಮಡಚಿ, ಎದುರೊತ್ತಡದಲ್ಲಿ ಚಾಚಲು ಹೇಳಿದಾಗ ಬೆರಳತುದಿ ಬಿಗಿಯಾಗಿ ಸೆಟೆದರೆ ನಡುಪಟ್ಟಿ ಹರಿದಿದೆ ಎಂದರ್ಥ. ಊತ ಮತ್ತು ನೋವಿನಿಂದ ಈ ಪರೀಕ್ಷೆ ಸಾಧ್ಯವಾಗದಾಗ ಅಲ್ಟ್ರಾಸೌಂಡ್ ನೆರವಿಗೆ ಬರುತ್ತದೆ, ಆದರೆ ತೆಳುವಾದ ಈ ಪಟ್ಟಿಯನ್ನು ನೋಡಲು ಕೈಪಳಗಿರಬೇಕು.

ಬಂಡೆ ಏರುವವರಲ್ಲಿ ರಾಟೆಗಳೇ ಹರಿಯುತ್ತವೆ. ಬಾದಾಮಿ, ಹಂಪಿ, ರಾಮನಗರಗಳ ಬಂಡೆಗಳಿಗೆ ಬರುವ ಏರುಗರಿಗೆ ಈ ನೋವು ಅಪರಿಚಿತವಲ್ಲ. ಬೆರಳನ್ನು ಎದುರೊತ್ತಡದಲ್ಲಿ ಬಾಗಿಸಿದಾಗ ರಜ್ಜು ಮತ್ತು ಎಲುಬಿನ ನಡುವಣ ಅಂತರ 2 ಮಿಲಿಮೀಟರ್ ಮೀರಿದರೆ ರಾಟೆ ಪೂರ್ತಿ ಹರಿದಿರುವ ಶಂಕೆ ಬಲವಾಗುತ್ತದೆ.

ಚುಚ್ಚುಗಾಯದ ಕೆಲವು ದಿನಗಳ ನಂತರ ಬೆರಳು ಪೂರ್ತಿ ಊದಿಕೊಂಡು ಬಂದವರಲ್ಲಿ ರಜ್ಜುಕವಚದ ಸೋಂಕನ್ನು ಸಂಶಯಿಸಬೇಕು. ಬೆರಳಿನ ಸಮನಾದ ಊತ, ಅರೆಬಾಗಿದ ಭಂಗಿ, ಕವಚದ ಉದ್ದಕ್ಕೂ ಮುಟ್ಟಿದರೆ ನೋವು, ನೇರ ಮಾಡಿದರೆ ತೀವ್ರ ನೋವು ಎಂಬ ನಾಲ್ಕು ಲಕ್ಷಣಗಳು ಅಲೆನ್ ಕನಾವೆಲ್ ಹೆಸರಿನಲ್ಲಿವೆ. ಅಲ್ಟ್ರಾಸೌಂಡ್‌ನಲ್ಲಿ ರಜ್ಜುವಿನ ಸುತ್ತ ದ್ರವ ಮತ್ತು ದಪ್ಪಗಾದ ಕವಚ ಕಾಣುತ್ತದೆ. ದ್ರವ ಕಾಣದಿದ್ದ ಮಾತ್ರಕ್ಕೆ, ಲಕ್ಷಣಗಳಿರುವ ರೋಗಿಯನ್ನು ಮನೆಗೆ ಕಳುಹಿಸುವಂತಿಲ್ಲ.

ಮುಳ್ಳು, ಬಿದಿರಿನ ಸಿಬಿರು, ಮರದ ಚೂರುಗಳು ಎಕ್ಸ್-ರೇಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಅಲ್ಟ್ರಾಸೌಂಡ್‌ನಲ್ಲಿ ಅವು ಹಿಂದೆ ನೆರಳು ಬಿಡುವ ಬಿಳಿ ಗೆರೆಗಳಾಗಿ ಕಾಣುತ್ತವೆ. ಹೊಲಗದ್ದೆಗಳಲ್ಲಿ ದುಡಿಯುವವರ ಗಾಯಗಳಲ್ಲಿ ಈ ಒಂದು ಲಾಭಕ್ಕಾಗಿಯಾದರೂ ಪ್ರೋಬ್ ಇಟ್ಟು ನೋಡುವುದು ಸಾರ್ಥಕ.

ಮಿತಿಗಳು

ಫಲಿತಾಂಶ ನೋಡುವವರ ಪರಿಣತಿಯನ್ನು ಬಹುವಾಗಿ ಅವಲಂಬಿಸಿದೆ. ತೆರೆದ ಗಾಯದೊಳಗೆ ಸೇರಿದ ಗಾಳಿ ಧ್ವನಿಯನ್ನು ತಡೆಯುತ್ತದೆ. ತುಂಡಾದ ತುದಿಗಳ ನಡುವೆ ಹೆಪ್ಪುಗಟ್ಟಿದ ರಕ್ತ ರಜ್ಜುವಿನಂತೆಯೇ ಕಂಡು ಮೋಸಗೊಳಿಸಬಹುದು. ಎರಡು ರಜ್ಜುಗಳಲ್ಲಿ ಒಂದು ಮಾತ್ರ ತುಂಡಾಗಿದ್ದಾಗ, ಮೇಲ್ಪದರದ ರಜ್ಜು ಇಬ್ಭಾಗವಾಗುವ ಕಡೆಯಲ್ಲಿ, ಯಾವುದು ಯಾವುದೆಂದು ಬಿಡಿಸಿ ಹೇಳುವುದು ಸುಲಭವಲ್ಲ. ಹಲವು ಬೆರಳುಗಳು ಜಜ್ಜಿಹೋದ ಯಂತ್ರಾಪಘಾತಗಳಲ್ಲಿ ರೋಗಿ ಹೇಗೂ ಶಸ್ತ್ರಚಿಕಿತ್ಸಾ ಕೊಠಡಿಗೆ ಹೋಗಬೇಕಾದ್ದರಿಂದ ಈ ಪರೀಕ್ಷೆಗಾಗಿ ಸಮಯ ಕಳೆಯುವುದರಲ್ಲಿ ಅರ್ಥವಿಲ್ಲ. ಕೈಪರೀಕ್ಷೆ ಹರಿತವನ್ನು ಸೂಚಿಸುತ್ತಿದ್ದು ಅಲ್ಟ್ರಾಸೌಂಡ್ ಇಲ್ಲವೆಂದರೆ ಕೈಪರೀಕ್ಷೆಯನ್ನೇ ನಂಬಿ ಶಸ್ತ್ರಚಿಕಿತ್ಸಕರಿಗೆ ತೋರಿಸಬೇಕು.

ಇತಿಹಾಸ ಮತ್ತು ಅಧ್ಯಯನಗಳು

ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು 1958ರಲ್ಲಿ ಪ್ರಕಟಿಸಿದ ಲೇಖನ ವೈದ್ಯಕೀಯ ಅಲ್ಟ್ರಾಸೌಂಡ್‌ನ ಮೈಲಿಗಲ್ಲು. ಅದೇ ವರ್ಷ ಆಸ್ಟ್ರಿಯಾದ ಕಾರ್ಲ್ ಡುಸಿಕ್ ಮತ್ತು ಸಹೋದ್ಯೋಗಿಗಳು ಕೀಲಿನ ಸುತ್ತಲ ಅಂಗಾಂಶಗಳಲ್ಲಿ ಧ್ವನಿ ಹೇಗೆ ಕ್ಷೀಣಿಸುತ್ತದೆ ಎಂಬುದನ್ನು ಅಳೆದಿದ್ದರು. ಆದರೂ ಬೆರಳಿನಷ್ಟು ಸಣ್ಣ ರಚನೆಗಳಿಗೆ ಬೇಕಾದ ಹೆಚ್ಚಿನ ಆವರ್ತನದ ಪ್ರೋಬ್‌ಗಳು ಬರುವವರೆಗೆ ಹಲವು ದಶಕ ಕಾಯಬೇಕಾಯಿತು. ಯಂತ್ರಗಳು ಚಿಕ್ಕದಾಗಿ ಹಾಸಿಗೆಯ ಬಳಿ ಬಂದ ಮೇಲೆ ತುರ್ತು ವೈದ್ಯರು ತಾವೇ ಪರೀಕ್ಷೆ ಮಾಡತೊಡಗಿದರು. ಅಮೆರಿಕದ ತುರ್ತು ವೈದ್ಯರ ಕಾಲೇಜು 2008ರ ತನ್ನ ಮಾರ್ಗಸೂಚಿಯಲ್ಲಿ ಮೃದು ಅಂಗಾಂಶ ಹಾಗೂ ಸ್ನಾಯು–ಅಸ್ಥಿಗಳ ಪರೀಕ್ಷೆಯನ್ನು ಮೂಲ ಬಳಕೆಗಳ ಪಟ್ಟಿಗೆ ಸೇರಿಸಿತು.

ಕೈಕಾಲುಗಳ ರಜ್ಜು ಗಾಯಗಳ ಬಗ್ಗೆ 2012ರಲ್ಲಿ ಪ್ರಕಟವಾದ, 34 ರೋಗಿಗಳನ್ನೊಳಗೊಂಡ ಅಧ್ಯಯನವೊಂದು ತುರ್ತು ವೈದ್ಯರು ಮಾಡಿದ ಅಲ್ಟ್ರಾಸೌಂಡ್ ಕೈಪರೀಕ್ಷೆಗಿಂತ ನಿಖರವಾಗಿತ್ತೆಂದೂ, ಬೇರೆ ವಿಧಾನಗಳಿಗಿಂತ ಬೇಗ ಉತ್ತರ ನೀಡಿತೆಂದೂ ವರದಿ ಮಾಡಿತು. ಸಂಖ್ಯೆ ಚಿಕ್ಕದು, ಪರೀಕ್ಷೆ ಮಾಡಿದವರು ತರಬೇತಿ ಪಡೆದವರು. ಆ ಫಲಿತಾಂಶವನ್ನು ಪ್ರೋಬ್ ಮೊದಲ ಸಲ ಹಿಡಿದವರ ಕೈಗೆ ಹಾಗೆಯೇ ವರ್ಗಾಯಿಸಲಾಗದು.

ಪತ್ತೆಯಾದ ನಂತರ

ತುರ್ತು ವಿಭಾಗದಲ್ಲಿ ಗಾಯವನ್ನು ಚೆನ್ನಾಗಿ ತೊಳೆದು, ಧನುರ್ವಾಯು ಲಸಿಕೆಯ ಸ್ಥಿತಿಯನ್ನು ವಿಚಾರಿಸಿ, ಕೈಗೆ ಆಧಾರಪಟ್ಟಿ ಕಟ್ಟಿ ಕೈ ಶಸ್ತ್ರಚಿಕಿತ್ಸಕರಿಗೆ ಒಪ್ಪಿಸಲಾಗುತ್ತದೆ. ಬಾಗಿಸುವ ರಜ್ಜುವನ್ನು ಅದೇ ರಾತ್ರಿ ಹೊಲಿಯಲೇಬೇಕೆಂದಿಲ್ಲ. ಬೆರಳಿನ ರಕ್ತಸಂಚಾರ ಚೆನ್ನಾಗಿದ್ದರೆ ಕೆಲವು ದಿನಗಳೊಳಗೆ ಮಾಡಿದರೂ ಫಲ ಒಳ್ಳೆಯದೇ. ವಾರಗಳು ಕಳೆದರೆ ಮಾತ್ರ ಸ್ನಾಯು ಮೊಟಕಾಗುತ್ತದೆ, ಖಾಲಿ ಕವಚ ಕುಗ್ಗಿ ಮುಚ್ಚಿಕೊಳ್ಳುತ್ತದೆ, ತುದಿಗಳನ್ನು ಒಟ್ಟಿಗೆ ತರಲಾಗುವುದಿಲ್ಲ. ಆಗ ಮೊದಲು ಸಿಲಿಕೋನ್ ಕಡ್ಡಿ ಇಟ್ಟು ಹೊಸ ದಾರಿ ಮಾಡಿ, ಸುಮಾರು ಮೂರು ತಿಂಗಳ ನಂತರ ಬೇರೆ ಕಡೆಯಿಂದ ತೆಗೆದ ರಜ್ಜುವನ್ನು ಕಸಿ ಮಾಡುವ ಎರಡು ಹಂತದ ಶಸ್ತ್ರಚಿಕಿತ್ಸೆ ಬೇಕಾಗಬಹುದು. ನೇಯ್ಗೆ, ಬಡಗಿ ಕೆಲಸ, ಹಾಲು ಕರೆಯುವುದು, ಬೆರಳಚ್ಚು ಇವುಗಳಿಂದ ಬದುಕುವವರಿಗೆ ಈ ಎರಡು ದಾರಿಗಳ ನಡುವಿನ ಅಂತರ ಹಲವು ತಿಂಗಳ ದುಡಿಮೆಯದು.

ಭಾರತದಲ್ಲಿ

ಭಾರತೀಯ ವೈದ್ಯಕೀಯ ಪರಿಷತ್ತು ತುರ್ತು ವೈದ್ಯಶಾಸ್ತ್ರವನ್ನು 2009ರಲ್ಲಿ ಪ್ರತ್ಯೇಕ ಸ್ನಾತಕೋತ್ತರ ವಿಷಯವಾಗಿ ಮಾನ್ಯ ಮಾಡಿತು. ಹಾಸಿಗೆಬದಿಯ ಅಲ್ಟ್ರಾಸೌಂಡ್ ಈ ವಿಭಾಗದ ತರಬೇತಿಯ ಭಾಗ. ಆದರೆ ದೇಶದಲ್ಲಿ ಅಲ್ಟ್ರಾಸೌಂಡ್ ಯಂತ್ರಗಳ ಬಳಕೆ, ಭ್ರೂಣಲಿಂಗ ಪತ್ತೆಯನ್ನು ತಡೆಯಲು ರೂಪಿಸಿದ 1994ರ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಬೆರಳನ್ನಷ್ಟೇ ನೋಡುವ ಉದ್ದೇಶದ್ದಾದರೂ, ಗರ್ಭಸ್ಥ ಶಿಶುವನ್ನು ನೋಡಲು ಅನುವಾಗಬಲ್ಲ ಯಂತ್ರವನ್ನು ನೋಂದಾಯಿಸಬೇಕು. ನೋಂದಾಯಿತ ಸ್ಥಳದಲ್ಲಿ, ಅರ್ಹ ವೈದ್ಯರೇ ಬಳಸಬೇಕು. ಸುಲಭವಾಗಿ ಎತ್ತಿಕೊಂಡು ಹೋಗಬಹುದಾದ ಯಂತ್ರಗಳಿಗೆ ಪ್ರತ್ಯೇಕ ನಿರ್ಬಂಧಗಳಿವೆ. ಹೀಗಾಗಿ ಬೇರೆ ದೇಶಗಳಲ್ಲಿ ವೈದ್ಯರು ಜೇಬಿನಲ್ಲಿ ಒಯ್ಯುವ ಚಿಕ್ಕ ಪ್ರೋಬ್‌ಗಳು ಇಲ್ಲಿ ಅಷ್ಟು ಮುಕ್ತವಾಗಿ ಹಳ್ಳಿಯ ಆರೋಗ್ಯ ಕೇಂದ್ರಗಳನ್ನು ತಲುಪಿಲ್ಲ. ಅಂತಹ ಕೇಂದ್ರಗಳಲ್ಲಿ ಬೆರಳಿನ ಗಾಯವನ್ನು ನೋಡುವ ವೈದ್ಯರಿಗೆ ಕೈಪರೀಕ್ಷೆ, ಒಳ್ಳೆಯ ಬೆಳಕಿನಲ್ಲಿ ಗಾಯದ ಶೋಧನೆ ಮತ್ತು ಸಂದೇಹವಿದ್ದಾಗ ಕೆಲವೇ ದಿನಗಳಲ್ಲಿ ದೊಡ್ಡ ಆಸ್ಪತ್ರೆಗೆ ಕಳುಹಿಸುವುದು ಇವೇ ಲಭ್ಯವಿರುವ ದಾರಿಗಳಾಗಿವೆ.